ಟಿಟಿ ಮಾಡಿಕೊಂಡು ಮಲೆನಾಡಿನ ಒಳದಾರಿಗೆ: ಒಂದು ದಿನದ ಗುಂಪು ಪ್ರವಾಸಕ್ಕೆ ಪೂರ್ತಿ ಮಾರ್ಗದರ್ಶಿ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೆದ್ದಾರಿಯಲ್ಲಿ ಹೋಗಿ ಬರುವುದಕ್ಕೆ ಯಾರ ಸಲಹೆಯೂ ಬೇಕಿಲ್ಲ. ಆದರೆ ಹತ್ತು-ಹನ್ನೆರಡು ಜನ ಸೇರಿ ಟೆಂಪೋ ಟ್ರಾವೆಲರ್ (ಟಿಟಿ) ಬಾಡಿಗೆಗೆ ಮಾಡಿಕೊಂಡು ಕವಲೇದುರ್ಗ, ಯಡೂರು, ನಗರ, ಹೊಸನಗರದ ಕಡೆ ಇಡೀ ದಿನ ಸುತ್ತುವುದು ಬೇರೆ ಕಥೆ. ಒಂದು ಕಡೆ ಮರ ಬಿದ್ದಿರುತ್ತದೆ. ಇನ್ನೊಂದು ಕಡೆ ಮೋರಿ ಕೆಲಸ ನಡೆಯುತ್ತಿರುತ್ತದೆ. ಮತ್ತೊಂದೂರಿನಲ್ಲಿ ಜಾತ್ರೆಯ ಚಪ್ಪರವೇ ರಸ್ತೆಗೆ ಅಡ್ಡ ನಿಂತಿರುತ್ತದೆ. ಗಂಟೆ ಗಂಟೆಗೆ ಪ್ಲಾನ್ ಬರೆದುಕೊಂಡು ಹೊರಟವರು ಮಧ್ಯಾಹ್ನದ ಹೊತ್ತಿಗೆ ಜಗಳ ಆಡುತ್ತಿರುತ್ತಾರೆ.

ನನ್ನ ಲೆಕ್ಕದಲ್ಲಿ ಮೊದಲೇ ಗಟ್ಟಿ ಮಾಡಿಕೊಳ್ಳಬೇಕಾದ್ದು ಮೂರೇ: ಊಟ ಎಲ್ಲಿ, ಡೀಸೆಲ್ ಎಲ್ಲಿ, ಎಷ್ಟು ಗಂಟೆಗೆ ವಾಪಸ್ ತಿರುಗುವುದು. ಉಳಿದದ್ದೆಲ್ಲ ದಾರಿಯ ಮೇಲೆ ಬದಲಾಗಲಿ, ಪರವಾಗಿಲ್ಲ.

ಹಂತ 1: ತಿಂಗಳು ನೋಡಿ ಹೊರಡಿ

ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಒಳ್ಳೆಯ ಕಾಲ. ಹಳ್ಳಗಳಲ್ಲಿ ನೀರಿರುತ್ತದೆ, ಗದ್ದೆ ಹಸಿರಾಗಿ ಅಥವಾ ಹೊಂಬಣ್ಣಕ್ಕೆ ತಿರುಗಿರುತ್ತದೆ, ಮಣ್ಣು ರಸ್ತೆ ಒಣಗಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಲೇಬಾರದು ಎಂದೇನಿಲ್ಲ. ಮಳೆ ನೋಡಲಿಕ್ಕೇ ಬರುವವರೂ ಇದ್ದಾರೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರ ಬಹುಪಾಲು ಈ ನಾಲ್ಕೇ ತಿಂಗಳಲ್ಲಿ. ಹುಲಿಕಲ್ ಕಡೆಯೂ ಅಷ್ಟೇ. ಧರೆ ಕುಸಿದರೆ ಘಾಟಿಯಲ್ಲಿ ವಾಹನ ನಿಲ್ಲಿಸುತ್ತಾರೆ. ಭಾರಿ ವಾಹನಗಳಿಗೆ ಮೊದಲೇ ತಡೆ ಹಾಕುವುದೂ ಉಂಟು. ಮಳೆಗಾಲದಲ್ಲಿ ಹೊರಡುವುದಾದರೆ ಹಿಂದಿನ ರಾತ್ರಿ ಜಿಲ್ಲಾಡಳಿತದ ಸೂಚನೆ ನೋಡಿ. ರೆಡ್ ಅಲರ್ಟ್ ಇದ್ದರೆ ಸುಮ್ನೆ ಮನೆಯಲ್ಲೇ ಬಜ್ಜಿ ಕರಿದುಕೊಂಡು ತಿನ್ನಿ.

ಫೆಬ್ರವರಿಯಿಂದ ಮೇವರೆಗೆ ರಸ್ತೆ ಸಲೀಸು, ಧೂಳು ಜಾಸ್ತಿ. ಆ ಕಾಲಕ್ಕೆ ಮಂಗನ ಕಾಯಿಲೆಯ ವಿಚಾರ ಮರೆಯುವ ಹಾಗಿಲ್ಲ, ಅದಕ್ಕೆ ಮುಂದೆ ಬರುತ್ತೇನೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ಆ ಪೇಟೆಯ ಮೂಲಕ ಹೋಗುವ ಯೋಚನೆ ಬೇಡ, ಜಾತ್ರೆಗೇ ಹೋಗುವುದಾದರೆ ಸರಿ.

ಹಂತ 2: ಗಾಡಿ ಮತ್ತು ಡ್ರೈವರ್

ಹೆಡ್ ಎಣಿಸಿ ಗಾಡಿ ಮಾಡುವುದು ಎಲ್ಲರ ಪದ್ಧತಿ. ಒಳದಾರಿಗೆ ಹೊರಟವರು ಮೊದಲು ತಿರುವು ನೋಡಬೇಕು. 12 ಸೀಟಿನ ಟಿಟಿ ತಿರುಗುವ ಕಡೆ 20 ಸೀಟಿನದು ತಿರುಗುವುದಿಲ್ಲ. ಇಪ್ಪತ್ತು ಜನ ಇದ್ದರೆ ಒಂದು ದೊಡ್ಡ ಗಾಡಿಯ ಬದಲು ಎರಡು ಚಿಕ್ಕ ಗಾಡಿ ಮಾಡಿ. ಎಂಟು-ಒಂಬತ್ತು ಜನ ಆದರೆ ಕ್ರೂಸರ್ ಅಥವಾ ತೂಫಾನ್ ಸಾಕು. ಕೂರುವುದಕ್ಕೆ ಇಕ್ಕಟ್ಟು, ಆದರೆ ಗುಂಡಿ ಬಿದ್ದ ರಸ್ತೆಗೆ ಅದರಂಥದ್ದಿಲ್ಲ.

ಹಳದಿ ಬೋರ್ಡ್ ಇರುವ ಗಾಡಿಯೇ ಆಗಬೇಕು. ಯಾರದೋ ಪರಿಚಯದ ಬಿಳಿ ಬೋರ್ಡ್ ವ್ಯಾನು ಸಾವಿರ ರೂಪಾಯಿ ಕಡಿಮೆಗೆ ಸಿಗಬಹುದು. ಬಾಡಿಗೆಗೆ ಓಡಿಸುವುದಕ್ಕೆ ಅದಕ್ಕೆ ಪರ್ಮಿಟ್ ಇರುವುದಿಲ್ಲ, ಅಪಘಾತ ಆದರೆ ವಿಮೆ ಕೈ ಕೊಡುತ್ತದೆ.

ಬಾಡಿಗೆ ಮಾತಾಡುವಾಗ ಇವಿಷ್ಟು ಬಾಯಿಬಿಟ್ಟು ಕೇಳಿ. ದಿನಕ್ಕೆ ಮಿನಿಮಮ್ ಎಷ್ಟು ಕಿಲೋಮೀಟರ್? ಸಾಮಾನ್ಯವಾಗಿ 250 ಅಥವಾ 300 ಹೇಳುತ್ತಾರೆ, ನೀವು 200 ಓಡಿಸಿದರೂ ಅಷ್ಟಕ್ಕೇ ಕೊಡಬೇಕು. ಲೆಕ್ಕ ಶೆಡ್ಡಿನಿಂದ ಶೆಡ್ಡಿಗೋ, ನಿಮ್ಮ ಮನೆ ಬಾಗಿಲಿಂದಲೋ? ಡ್ರೈವರ್ ಬಾಟಾ, ಪಾರ್ಕಿಂಗ್ ಒಳಗೋ ಹೊರಗೋ? ಕೊನೆಯದಾಗಿ, ಮಣ್ಣು ರಸ್ತೆಗೆ ಇಳಿಸುತ್ತಾರೋ ಇಲ್ಲವೋ? ಇದನ್ನು ಕೇಳದೆ ಹೋದರೆ ನಡುದಾರಿಯಲ್ಲಿ ಡ್ರೈವರ್ ಗಾಡಿ ನಿಲ್ಲಿಸಿ "ಓನರ್ ಬೈತಾರೆ ಸಾರ್" ಅನ್ನುತ್ತಾರೆ. ಅವರ ತಪ್ಪೇನೂ ಇಲ್ಲ ಅದರಲ್ಲಿ.

ಮಲೆನಾಡಿನ ಡ್ರೈವರ್ ಸಿಕ್ಕರೆ ಅರ್ಧ ಚಿಂತೆ ಕಳೆಯಿತು. ಎಲ್ಲಿ ಎದುರು ಬಸ್ ಬರುತ್ತದೆ, ಯಾವ ಹೋಟೆಲಿನಲ್ಲಿ ಕಡುಬು ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಹೊರಡುವ ಮೊದಲು ಸ್ಟೆಪ್ನಿಗೆ ಗಾಳಿ ಇದೆಯಾ, ಜಾಕ್ ಮತ್ತು ವೀಲ್ ಪಾನಾ ಇವೆಯಾ, ವೈಪರ್ ಓಡುತ್ತದಾ ಎಂದು ಅವರ ಜೊತೆಯಲ್ಲೇ ನಿಂತು ನೋಡಿ. ಅಪನಂಬಿಕೆ ಅಂತ ಅಂದುಕೊಳ್ಳಬಾರದು, ಹಾಗಾಗಿ ನಗುನಗುತ್ತಾ ಕೇಳಿ.

ಹಂತ 3: ದಾರಿ ಹಾಕುವುದು

ಒಂದು ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಸಣ್ಣ ಜಾಗ, ಅಷ್ಟೇ. ಜೋಗ, ಸಿಗಂದೂರು, ಕೊಡಚಾದ್ರಿ ಮೂರನ್ನೂ ಒಂದೇ ದಿನಕ್ಕೆ ತುರುಕಿದವರು ನೋಡುವುದು ಗಾಡಿಯ ಸೀಟನ್ನು ಮಾತ್ರ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾದ ಮೇಲೆ ಲಾಂಚ್ ಕಾಯುವ ಹೊತ್ತು ಉಳಿಯಿತು, ನಿಜ. ಹಾಗೆಂದು ದಿನಕ್ಕೆ ಗಂಟೆಗಳೇನೂ ಹೆಚ್ಚಾಗಲಿಲ್ಲ.

ಮಾದರಿಗೆ ಒಂದು ಸುತ್ತು ಹೇಳುತ್ತೇನೆ. ಶಿವಮೊಗ್ಗ, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಕವಲೇದುರ್ಗ, ಯಡೂರು ಕಡೆಯಿಂದ ನಗರ, ಹೊಸನಗರ, ರಿಪ್ಪನ್‌ಪೇಟೆ, ಆಯನೂರು, ಮತ್ತೆ ಶಿವಮೊಗ್ಗ. ಒಟ್ಟು ಸುಮಾರು 200 ಕಿಲೋಮೀಟರ್. ಬೆಳಿಗ್ಗೆ 6:30ಕ್ಕೆ ಹೊರಟರೆ ಮಂಡಗದ್ದೆಯಲ್ಲಿ ಚಹಾ, ತೀರ್ಥಹಳ್ಳಿಯಲ್ಲಿ 8:15ಕ್ಕೆ ತಿಂಡಿ. ಹತ್ತು ಗಂಟೆಗೆ ಕವಲೇದುರ್ಗದ ಬುಡ.

ಕವಲೇದುರ್ಗ ಈ ದಿನದ ದೊಡ್ಡ ಜಾಗ. ಗಾಡಿ ಕೆಳಗೇ ನಿಲ್ಲುತ್ತದೆ. ಗದ್ದೆ ಬದಿಯಿಂದ ಹೊರಟು, ಕಲ್ಲು ಹಾಸಿನ ಮೇಲೆ ಏರುತ್ತಾ, ಒಂದರ ಹಿಂದೊಂದು ಹೆಬ್ಬಾಗಿಲು ದಾಟಿ ಮೇಲೆ ಹೋಗಬೇಕು. ಕೆಳದಿ ನಾಯಕರ ಕೋಟೆ. ಅರಮನೆಯ ಅಡಿಪಾಯ, ಕಾಶಿ ವಿಶ್ವನಾಥ ದೇವಸ್ಥಾನ ನೋಡಿ ಇಳಿಯಲಿಕ್ಕೆ ಗುಂಪಿಗೆ ಎರಡೂವರೆ ಗಂಟೆ ಬೇಕು. ಮಳೆ ಬಿದ್ದ ದಿನ ಆ ಕಲ್ಲು ಪಾಚಿ ಕಟ್ಟಿ ಜಾರುತ್ತದೆ. ಮಂಡಿ ನೋವಿನವರು ಮೊದಲ ಬಾಗಿಲಿನ ತನಕ ಬಂದು ಕೂತರೂ ನಷ್ಟವಿಲ್ಲ.

ನಗರಕ್ಕೆ ಊಟದ ಹೊತ್ತಿಗೆ ಸೇರಿ. ಇದೇ ಹಳೆಯ ಬಿದನೂರು, ಕೆಳದಿ ನಾಯಕರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ಹೈದರ್‌ನಗರ ಎಂದು ಕರೆದ, ಅದೇ ಸವೆದು ನಗರ ಆಯಿತು. ಕೋಟೆ ರಸ್ತೆ ಪಕ್ಕದಲ್ಲೇ ಇದೆ, ಹತ್ತುವುದು ಕಡಿಮೆ. ಹೊತ್ತಿದ್ದರೆ ದೇವಗಂಗೆಯ ಕೊಳಗಳಿಗೆ ಹೋಗಬಹುದು, ಇಲ್ಲದಿದ್ದರೆ ಬಿಡಬಹುದು. 3:30ಕ್ಕೆ ಅಲ್ಲಿಂದ ಹೊರಟರೆ ಸಂಜೆ ಆರೂವರೆ ಒಳಗೆ ಶಿವಮೊಗ್ಗ.

ಹೊತ್ತಿನ ಲೆಕ್ಕಕ್ಕೆ ಮ್ಯಾಪ್ ಹೇಳಿದ್ದನ್ನು ನಂಬಬೇಡಿ. ಒಳದಾರಿಯಲ್ಲಿ ಗಂಟೆಗೆ 25 ಕಿಲೋಮೀಟರ್ ಹಿಡಿಯಿರಿ. "ಐದೇ ನಿಮಿಷ" ಎಂದು ಇಳಿಸಿದ ಕಡೆಯೆಲ್ಲ ಹನ್ನೆರಡು ಜನಕ್ಕೆ ಅರ್ಧ ಗಂಟೆ ಹಿಡಿಯಿರಿ. ಒಬ್ಬರು ಫೋಟೋ ತೆಗೆಯುತ್ತಿರುತ್ತಾರೆ, ಒಬ್ಬರು ಚಪ್ಪಲಿ ಹುಡುಕುತ್ತಿರುತ್ತಾರೆ.

ಮ್ಯಾಪಿನ ವಿಷಯಕ್ಕೆ ಇನ್ನೊಂದು ಮಾತು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಮುಗಿದದ್ದು 1964ರಲ್ಲಿ. ಊರುಗಳ ಜೊತೆ ರಸ್ತೆಗಳೂ ಮುಳುಗಿದವು. ಹಿನ್ನೀರಿನ ಸುತ್ತ ನೆಟ್ಟಗೆ ಹೋದ ದಾರಿಯೊಂದು ನೀರಿನ ಅಂಚಿಗೆ ಹೋಗಿ ನಿಂತರೆ ಆಶ್ಚರ್ಯಪಡಬೇಡಿ. ಪರದೆಯ ಮೇಲೆ ಹತ್ತಿರ ಕಂಡ ಊರು ಆಚೆ ದಡದಲ್ಲಿರುತ್ತದೆ. ಹಾಗೆಯೇ ಮಾಣಿ, ಚಕ್ರಾ, ಸಾವೆಹಕ್ಲು ಕಡೆ ನೀಲಿ ಕಂಡಿತೆಂದು ತಿರುಗಬೇಡಿ. ಅಣೆಕಟ್ಟೆಯ ಹತ್ತಿರ ಅನುಮತಿ ಇಲ್ಲದೆ ಬಿಡುವುದಿಲ್ಲ, ಗೇಟಿನವರ ಜೊತೆ ವಾದ ಮಾಡಿ ಪ್ರಯೋಜನವೂ ಇಲ್ಲ.

ಕೊಡಚಾದ್ರಿಗೆ ಟಿಟಿ ಹತ್ತಿಸುವ ಮಾತೇ ಇಲ್ಲ. ಬುಡದಲ್ಲಿ ಬಿಟ್ಟು ಬಾಡಿಗೆ ಜೀಪು ಹಿಡಿಯಬೇಕು. ಕುಂದಾದ್ರಿಯ ಮೇಲಿನ ತನಕ ರಸ್ತೆ ಇದೆ, ಆದರೆ ಕಡಿದು ಮತ್ತು ಕಿರಿದು. ಅಲ್ಲಿ ಡ್ರೈವರ್ "ಆಗಲ್ಲ" ಎಂದರೆ ಆಗಲ್ಲ.

ಹಂತ 4: ಜನ, ಸಾಮಾನು, ಊಟ

ಗುಂಪಿಗೆ ಒಬ್ಬರು ಯಜಮಾನರಿರಲಿ. ವಯಸ್ಸಿನಲ್ಲಿ ದೊಡ್ಡವರೇ ಆಗಬೇಕೆಂದಿಲ್ಲ. ದಾರಿ ಬದಲಿಸುವುದು, ಜಾಗ ಬಿಡುವುದು, ವಾಪಸ್ ತಿರುಗುವುದು ಅವರ ಮಾತು. ಗಾಡಿ ಓಡುತ್ತಿರುವಾಗ ಹನ್ನೆರಡು ಜನ ಓಟು ಹಾಕಿ ತೀರ್ಮಾನ ಮಾಡಲು ಆಗದು. ರಸ್ತೆ ಸುರಕ್ಷಿತವಾ ಎನ್ನುವ ಒಂದು ವಿಚಾರದಲ್ಲಿ ಮಾತ್ರ ಯಜಮಾನರಿಗಿಂತ ಡ್ರೈವರ್ ಮೇಲು.

ವಾಂತಿ ಬರುವವರನ್ನು ಮೊದಲೇ ಕೇಳಿ ಮುಂದಿನ ಸಾಲಿಗೆ ಕೂರಿಸಿ. ಮಾತ್ರೆ ತೆಗೆದುಕೊಳ್ಳುವವರು ತಿರುವು ಶುರುವಾಗುವ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಉಪಯೋಗವಿಲ್ಲ. ಅವರು ಫೋನ್ ನೋಡಬಾರದು, ಬೆಳಿಗ್ಗೆ ಎಣ್ಣೆ ತಿಂಡಿ ತಿನ್ನಬಾರದು. ನಿಂಬೆಹಣ್ಣು ಮೂಸುತ್ತಾ ಕೂರುವ ಹಳೆಯ ಉಪಾಯ ಬಹಳ ಜನಕ್ಕೆ ಹಿಡಿಸುತ್ತದೆ. ನಾಲ್ಕು ಪ್ಲಾಸ್ಟಿಕ್ ಕವರ್ ಕೈಗೆಟುಕುವ ಹಾಗೆ ಇರಲಿ.

ಗಾಡಿಯಲ್ಲಿ ಇರಬೇಕಾದ್ದು: ಗಟ್ಟಿ ಹಗ್ಗ, ಎರಡು ಗೋಣಿಚೀಲ, ಒಂದು ಕತ್ತಿ, ಟಾರ್ಚು, 20 ಲೀಟರಿನ ನೀರಿನ ಕ್ಯಾನು, ಒಣಬಟ್ಟೆ, ಉಪ್ಪು, ಪ್ರಥಮ ಚಿಕಿತ್ಸೆ ಡಬ್ಬಿ. ಕೊಡೆಗಿಂತ ರೈನ್‌ಕೋಟು ವಾಸಿ, ಎರಡೂ ಕೈ ಖಾಲಿ ಇರುತ್ತವೆ. ಸಣ್ಣ ನೋಟುಗಳಲ್ಲಿ ನಗದು ಕಡ್ಡಾಯ, ಯಾಕೆಂದರೆ ನೆಟ್‌ವರ್ಕ್ ಇಲ್ಲದ ಕಡೆ ಕ್ಯೂಆರ್ ಕೋಡ್ ಬರೀ ಗೋಡೆಯ ಚಿತ್ರ. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಬಿಎಸ್‌ಎನ್‌ಎಲ್ ಸಿಮ್ ಇರಲಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಊಟದ ವಿಚಾರಕ್ಕೆ ಜನ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ. ಹಳ್ಳಿಯ ಹೋಟೆಲಿನಲ್ಲಿ ದಿನಕ್ಕೆ ಬೇಕಾದಷ್ಟೇ ಅನ್ನ ಮಾಡಿರುತ್ತಾರೆ. ಎರಡು ಗಂಟೆಗೆ ಹದಿಮೂರು ಜನ ಹೋಗಿ ನಿಂತರೆ ಪಾಪ ಅವರೇನು ಮಾಡಬೇಕು? ತೀರ್ಥಹಳ್ಳಿಯಲ್ಲಿ ತಿಂಡಿ ತಿನ್ನುವಾಗಲೇ ಫೋನ್ ಮಾಡಿ, "ಅಮ್ಮಾ, ಹದಿಮೂರು ಜನ ಬರ್ತೀವಿ, ಒಂದೂವರೆ ಹೊತ್ತಿಗೆ" ಎಂದು ಹೇಳಿ. ಡ್ರೈವರನ್ನೂ ಸೇರಿಸಿ ಎಣಿಸಿ. ಹೀಗೆ ಮೊದಲೇ ಹೇಳಿದರೆ ಬರೀ ಅನ್ನ-ಸಾರಿನ ಬದಲು ತಂಬುಳಿ, ಮಿಡಿ ಉಪ್ಪಿನಕಾಯಿ, ಕಾಲ ಕೂಡಿಬಂದರೆ ಕಳಲೆ ಪಲ್ಯ, ಪತ್ರೊಡೆ ಕೂಡ ಸಿಗುತ್ತದೆ. ಏನೂ ಗೊತ್ತಾಗದಿದ್ದರೆ ಮನೆಯಿಂದ ಪುಳಿಯೋಗರೆ, ಮೊಸರನ್ನ ಕಟ್ಟಿಕೊಳ್ಳಿ. ದಾರಿ ಕೆಟ್ಟು ಎರಡು ಗಂಟೆ ತಡವಾದರೂ ಯಾರೂ ಸಿಡುಕುವುದಿಲ್ಲ.

ಶೌಚಾಲಯಕ್ಕೆ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡು ಮತ್ತು ಪೆಟ್ರೋಲ್ ಬಂಕು. ಬೇಕೋ ಬೇಡವೋ, ಅಲ್ಲಿ ಎಲ್ಲರನ್ನೂ ಇಳಿಸಿ. ಮುಂದಿನದು ಯಾವಾಗ ಎಂದು ಹೇಳಲಾಗದು, ಹೆಂಗಸರಿಗೆ ತೊಂದರೆಯಾಗುವುದು ಇಲ್ಲೇ. ಡೀಸೆಲ್ಲೂ ಅಷ್ಟೇ, ತೀರ್ಥಹಳ್ಳಿಯಲ್ಲಿ ಅರ್ಧ ಟ್ಯಾಂಕ್ ಇದ್ದರೂ ತುಂಬಿಸಿ.

ಹಂತ 5: ದಾರಿ ಕೇಳುವ ಕ್ರಮ

ಕೈಮರ ಬಂದ ಕಡೆಯೆಲ್ಲ ನಿಲ್ಲಿಸಿ. "ಅಣ್ಣಾ, ಇದು ನಗರಕ್ಕೆ ಹೋಗುತ್ತಲ್ವಾ?" ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಹೌದು" ಅನ್ನುತ್ತಾರೆ. ಎಲ್ಲ ದಾರಿಯೂ ಎಲ್ಲಿಗಾದರೂ ಹೋಗಿಯೇ ಹೋಗುತ್ತದಲ್ಲ. "ನಗರಕ್ಕೆ ಯಾವ ದಾರಿ?" ಎಂದು ಕೇಳಿ, ಅವರೇ ಕೈ ತೋರಿಸಲಿ. ಆಮೇಲೆ ಎರಡನೆಯ ಪ್ರಶ್ನೆ: "ಈ ದಾರೀಲಿ ಲೈನ್ ಬಸ್ ಓಡುತ್ತಾ?" ಬಸ್ ಓಡುವ ದಾರಿಯಲ್ಲಿ ಟಿಟಿ ಹೋಗಿಯೇ ಹೋಗುತ್ತದೆ. ಬಸ್ ಇಲ್ಲದಿದ್ದರೆ, "ಅಡಿಕೆ ಲಾರಿ ಬರುತ್ತಾ, ಇವತ್ತು ಯಾವುದಾದರೂ ಗಾಡಿ ಹೋಯ್ತಾ?" ಎಂದು ಕೇಳಿ. ಬರೀ ಬೈಕು, ಜೀಪು ಹೋಗುತ್ತದೆ ಎಂದರೆ ನಿಮ್ಮ ಗಾಡಿಗೆ ಆ ದಾರಿ ಇಲ್ಲ ಎಂದೇ ಅರ್ಥ.

"ಇಲ್ಲೇ ಹತ್ರ" ಎಂಬುದನ್ನು ಎಂಟು ಕಿಲೋಮೀಟರ್ ಎಂದು ಬರೆದುಕೊಳ್ಳಿ.

ದಾರಿ ಯಾರದೋ ಮನೆಯಂಗಳಕ್ಕೆ ಹೋಗಿ ಮುಗಿಯುವುದೂ ಇದೆ. ಅಲ್ಲಿ ಹಾರ್ನ್ ಹೊಡೆಯಬೇಡಿ, ನಾಯಿ ಬಿಟ್ಟಿರುತ್ತಾರೆ. ಒಬ್ಬರು ಇಳಿದು ಕೂಗಿ ಕರೆದು ಮಾತಾಡಿಸಿ. ದಾರಿಗೆ ಅಡ್ಡ ಉಣುಗೋಲು ಅಥವಾ ದಣಪೆ (ದನ ತಡೆಯುವ ಅಡ್ಡಗೋಲಿನ ಗೇಟು) ಇದ್ದರೆ ಕೇಳಿ ತೆಗೆಯಿರಿ, ದಾಟಿದ ಕೂಡಲೇ ಹಾಕಿ. ದನ ತೋಟಕ್ಕೆ ನುಗ್ಗಿದರೆ ಬೈಗುಳ ತಿನ್ನುವವರು ನಿಮ್ಮ ನಂತರ ಬಂದ ಪ್ರವಾಸಿಗರು. ಅಡಿಕೆ ಕೊಯ್ಲಿನ ಕಾಲದಲ್ಲಿ ರಸ್ತೆ ಬದಿ, ಅಂಗಳಗಳಲ್ಲಿ ಅಡಿಕೆ ಒಣಗಿಸಿರುತ್ತಾರೆ, ಅದರ ಮೇಲೆ ಚಕ್ರ ಹತ್ತಿಸಬೇಡಿ.

ಹಂತ 6: ತಿರುವಿನಲ್ಲಿ, ಇಳಿಜಾರಿನಲ್ಲಿ

ಇದು ಡ್ರೈವರ್ ಕೆಲಸ, ಆದರೂ ಕೂತವರಿಗೂ ಗೊತ್ತಿರಲಿ. ಇಳಿಯುವಾಗ ಬ್ರೇಕನ್ನೇ ತುಳಿಯುತ್ತಾ ಹೋದರೆ ಅದು ಕಾದು ಹಿಡಿತ ಬಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು. 14 ಹೇರ್‌ಪಿನ್ ತಿರುವಿನ ಆಗುಂಬೆ ಘಾಟಿಯನ್ನು ಇಳಿದ ಮೇಲೆ ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಚಕ್ರಕ್ಕೆ ನೀರು ಎರಚಬೇಡಿ.

ಇಕ್ಕಟ್ಟಾದ ಏರಿನಲ್ಲಿ ಎದುರು ಬದುರಾದರೆ ಏರುವ ಗಾಡಿಗೆ ದಾರಿ ಬಿಡಬೇಕು, ಕಾನೂನು ಹೇಳುವುದೂ ಅದನ್ನೇ. ಲೈನ್ ಬಸ್ ಎದುರಾದರೆ ಮಾತ್ರ ಲೆಕ್ಕ ಬೇರೆ, ಯಾರ ಹಿಂದೆ ಅಗಲವಾದ ಜಾಗ ಹತ್ತಿರ ಇದೆಯೋ ಅವರು ಹಿಂದೆ ಹೋಗುವುದೇ ಸುಲಭ. ಆಗ ಒಬ್ಬರು ಇಳಿದು, ಡ್ರೈವರ್ ಕನ್ನಡಿಯಲ್ಲಿ ಕಾಣುವ ಬದಿಯಲ್ಲಿ ನಿಂತು ಕೈ ಸನ್ನೆ ಮಾಡಲಿ. ಗಾಡಿಯ ನೇರ ಹಿಂದೆ ಯಾರೂ ನಿಲ್ಲಬಾರದು. ಟಾರಿನ ಅಂಚಿನ ಹುಲ್ಲನ್ನು ನಂಬಬೇಡಿ, ಅದರ ಅಡಿಯಲ್ಲಿ ಚರಂಡಿ ಇರುತ್ತದೆ. ಕೋಲಿನಿಂದ ಚುಚ್ಚಿ ನೋಡಿಯೇ ಚಕ್ರ ಇಳಿಸಿ.

ಮಂಜು ಕವಿದರೆ ಹೈ ಬೀಮ್ ಬೇಡ, ಬೆಳಕು ಮಂಜಿಗೆ ಹೊಡೆದು ಕಣ್ಣಿಗೇ ಬರುತ್ತದೆ. ಕತ್ತಲಾದ ಮೇಲೆ ಕಾಟಿಗಳು (ಕಾಡುಕೋಣ) ರಸ್ತೆಗೆ ಬರುತ್ತವೆ. ಡಿಸೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕಾಡಿನ ದಾರಿಯಲ್ಲಿ ಅದಕ್ಕೂ ಮೊದಲೇ ಮಬ್ಬು. ಹಾಗಾಗಿ ನಾಲ್ಕು ಗಂಟೆಗೆ ನೀವು ಎಲ್ಲಿದ್ದರೂ ಸರಿ, ಅಲ್ಲಿಂದ ಹತ್ತಿರದ ದೊಡ್ಡ ರಸ್ತೆಗೆ ತಿರುಗಿ. "ಇನ್ನೊಂದು ಜಲಪಾತ ಇದೆಯಂತೆ" ಎಂದು ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಹಂತ 7: ಕೈ ಕೊಟ್ಟಾಗ

ಕೆಸರಿನಲ್ಲಿ ಚಕ್ರ ಹೂತರೆ ಮೊದಲು ಆಕ್ಸಿಲರೇಟರ್ ಬಿಡಿ. ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಎಲ್ಲರೂ ಇಳಿಯಿರಿ. ಟಿಟಿಯನ್ನು ದೂಡುವುದು ಹಿಂದಿನ ಚಕ್ರ, ಅದರ ಮುಂದಿನ ಕೆಸರನ್ನು ಕತ್ತಿಯಿಂದಲೋ ಕೈಯಿಂದಲೋ ತೆಗೆಯಿರಿ. ಆ ಜಾಗಕ್ಕೆ ಸಣ್ಣ ಕಲ್ಲು, ಅದರ ಮೇಲೆ ಗೋಣಿಚೀಲ ಹಾಸಿ. ಹತ್ತಿರ ತೋಟ ಇದ್ದರೆ ತೋಟದವರನ್ನು ಕೇಳಿ ಒಣ ಸೋಗೆ ತನ್ನಿ. ಆಮೇಲೆ ಎರಡನೇ ಗೇರಿನಲ್ಲಿ ನಿಧಾನಕ್ಕೆ ಎಬ್ಬಿಸಬೇಕು. ದೂಡುವವರು ಚಕ್ರದ ನೇರಕ್ಕೆ ನಿಲ್ಲಬಾರದು, ಕಲ್ಲು ಸಿಡಿಯುತ್ತದೆ. ಎರಡು ಸಲ ನೋಡಿ ಆಗದಿದ್ದರೆ ಊರಿಗೆ ಹೋಗಿ ಟ್ರಾಕ್ಟರ್ ಅಥವಾ ಜೀಪು ಕರೆತನ್ನಿ. ದುಡ್ಡು ಬೇಡ ಎಂದರೂ ಡೀಸೆಲ್ ಖರ್ಚು ಕೊಟ್ಟು ಬನ್ನಿ.

ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಆ ಊರಿನವರೇ ಬೈಕಿನಲ್ಲಿ ದಾಟಿದರೂ ನೀವು ದಾಟಬೇಡಿ. ನೀರಿನ ಕೆಳಗೆ ಅಂಚು ಕಾಣುವುದಿಲ್ಲ, ಮೋರಿ ಕೊಚ್ಚಿಹೋಗಿದ್ದರೆ ಅದೂ ಕಾಣುವುದಿಲ್ಲ. ತುಂಬಿದ ಗಾಡಿ ಭಾರ ಇದೆ, ಏನಾಗಲ್ಲ ಎಂಬ ಲೆಕ್ಕವೂ ತಪ್ಪು. ಮಂಡಿ ಮಟ್ಟದ ಸೆಳವು ನೀರಿಗೆ ಗಾಡಿಯನ್ನು ಸರಿಸುವ ಬಲ ಇರುತ್ತದೆ.

ಮರ ಬಿದ್ದಿದ್ದರೆ ಮೊದಲು ಕರೆಂಟ್ ತಂತಿ ಅದರ ಜೊತೆ ಬಿದ್ದಿದೆಯಾ ನೋಡಿ. ತಂತಿ ಇದ್ದರೆ ದೂರವೇ ನಿಂತು ಮೆಸ್ಕಾಂನ 1912ಕ್ಕೆ ಫೋನ್ ಮಾಡಿ. ತಂತಿ ಇಲ್ಲದಿದ್ದರೆ ಸ್ವಲ್ಪ ಕಾಯಿರಿ, ಆ ದಾರಿ ಬೇಕಾದವರು ಯಾರಾದರೂ ಗರಗಸ ಹಿಡಿದು ಬಂದೇ ಬರುತ್ತಾರೆ. ಜನಕ್ಕೆ ಪೆಟ್ಟಾದರೆ 108, ಬೇರೆ ಯಾವ ತುರ್ತಿಗೂ 112, ಕಾಡುಪ್ರಾಣಿಯ ವಿಚಾರಕ್ಕೆ ಅರಣ್ಯ ಇಲಾಖೆಯ 1926. ಸಿಗ್ನಲ್ ಇಲ್ಲದಿದ್ದರೆ ಹಿಂದಿನ ಏರಿಗೆ ನಡೆದು ಹೋಗಿ ನೋಡಿ, ತಗ್ಗಿಗಿಂತ ಅಲ್ಲಿ ಸಿಗುವುದು ಜಾಸ್ತಿ.

ಇಂಬಳ (ಜಿಗಣೆ) ಕಚ್ಚಿದ್ದಕ್ಕೆ ಗಲಾಟೆ ಬೇಡ. ಉಗುರಿನಿಂದ ಬಾಯಿಯ ಹತ್ತಿರ ಜಾರಿಸಿ ತೆಗೆಯಿರಿ, ಅಥವಾ ಉಪ್ಪು ಮುಟ್ಟಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ರಸ ಬಿಟ್ಟಿರುತ್ತದೆ, ಅದಕ್ಕೇ ಸೋರುವುದು ಬೇಗ ನಿಲ್ಲುವುದಿಲ್ಲ. ತೊಳೆದು ಒತ್ತಿ ಹಿಡಿದರೆ ಸಾಕು.

ಉಣುಗು (ಉಣ್ಣೆ) ಮಾತ್ರ ಸದರ ಮಾಡುವಂಥದ್ದಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹರಡುವುದು ಉಣುಗಿನಿಂದ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಆ ದಿನಗಳಲ್ಲಿ ಒಣ ಎಲೆಯ ಮೇಲೆ ಕೂರಬೇಡಿ, ಉದ್ದ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ.

ಹಂತ 8: ಮನೆಗೆ ಬಂದ ಮೇಲೆ

ಬಟ್ಟೆಯನ್ನು ಬಿಸಿನೀರು, ಸೋಪು ಹಾಕಿ ಒಗೆಯಿರಿ. ಮೈ ತೊಳೆಯುವಾಗ ಕಂಕುಳು, ಮಂಡಿಯ ಹಿಂದೆ, ಮಕ್ಕಳ ಕಿವಿಯ ಹಿಂದೆ ಉಣುಗು ಇದೆಯಾ ನೋಡಿ. ಒಂದೆರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಎಲ್ಲಿಗೆ ಹೋಗಿದ್ದೆವು ಎಂಬುದನ್ನೂ ಹೇಳಿ.

ಗಾಡಿಯೊಳಗಿನ ಕೆಸರು, ಕವರು ತೆಗೆದು ಕೊಟ್ಟರೆ ಮುಂದಿನ ಸಲ ಅದೇ ಡ್ರೈವರ್ ಖುಷಿಯಿಂದ ಬರುತ್ತಾರೆ. ಮೀಟರಿನ ಫೋಟೋ ಹೊರಡುವಾಗಲೂ ಬಂದಾಗಲೂ ತೆಗೆದಿಟ್ಟಿರಿ. ಲೆಕ್ಕವನ್ನು ಅವತ್ತೇ ರಾತ್ರಿ ಗ್ರೂಪಿಗೆ ಹಾಕಿ, ಮರುದಿನಕ್ಕೆ ಬಿಟ್ಟರೆ ಚಹಾದ ದುಡ್ಡು ಯಾರು ಕೊಟ್ಟರು ಎಂಬುದು ಯಾರಿಗೂ ನೆನಪಿರುವುದಿಲ್ಲ.